ಕಪಿಯೊಂದರ ಕರ್ತೃಗಳು

ಸಾಹಿತ್ಯಚರಿತ್ರೆಯನ್ನು ಬರೆಯುವ ಪಂಡಿತರು ಮಹಾಕವಿಗಳಿಗೆ ಒಂದೊಂದು ಅಧ್ಯಾಯವನ್ನೂ, ಕಾದಂಬರಿಕಾರರಿಗೆ ಅರ್ಧ ಅಧ್ಯಾಯವನ್ನೂ, ಪ್ರಬಂಧಕಾರರಿಗೆ ಒಂದೆರಡು ಪುಟಗಳನ್ನೂ ಮೀಸಲಿಡುತ್ತಾರೆ. ಇನ್ನೂ ಅಕ್ಷರ ಕೂಡಿಸಿ ಓದಲು ಬಾರದ ಮಕ್ಕಳಿಗಾಗಿ ಚಿತ್ರದ ಪುಸ್ತಕಗಳನ್ನು ಮಾಡಿದವರಿಗೆ ಅಡಿಟಿಪ್ಪಣಿಯಲ್ಲಿ ಕೂಡ ಸ್ಥಳ ದೊರೆಯುವುದು ಅಪೂರ್ವ. ಇದು ತಿರಸ್ಕಾರವೆಂದು ನಾವು ಹೇಳಲಾರೆವು, ಬಹುಮಟ್ಟಿಗೆ ಮರೆವು. ನಾವೆಲ್ಲರೂ ಮೊದಲು ಪ್ರೀತಿಸಿದ ಪುಸ್ತಕವನ್ನು ಹರಿದುಹಾಕಿದವರೇ. ಹರಿದುಹೋದ ಪುಸ್ತಕದ ಹೊದಿಕೆಯ ಮೇಲೆ ಯಾರ ಹೆಸರಿದ್ದಿತೆಂಬುದು ಯಾರಿಗೆ ತಾನೆ ನೆನಪಿರುತ್ತದೆ?

ಇಂದು ನಾವು ಹೇಳಹೊರಟಿರುವುದು ಹಾಗೆ ಮರೆಯಲ್ಪಡುವ ವರ್ಗಕ್ಕೆ ಸೇರಿದ ಇಬ್ಬರ ವಿಷಯ: ಹಾನ್ಸ್ ಆಗಸ್ಟೊ ರೇ ಮತ್ತು ಆತನ ಪತ್ನಿ ಮಾರ್ಗರೆಟ್ ರೇ. ಇಬ್ಬರೂ ಜರ್ಮನಿಯ ಯೆಹೂದ್ಯರು. ಆತ ಹೊಟ್ಟೆಪಾಡಿಗಾಗಿಯೂ ಆಕೆ ಹಿಟ್ಲರನ ಆಳ್ವಿಕೆಯ ಭಯದಿಂದಲೂ ತಾಯ್ನಾಡನ್ನು ಬಿಟ್ಟವರು. ಬ್ರೆಜಿಲಿನಲ್ಲಿ ಕೂಡಿ, ಫ್ರಾನ್ಸಿನಲ್ಲಿ ನೆಲಸಿ, ಅಲ್ಲಿಂದಲೂ ಓಡಿ, ಕೊನೆಗೆ ಅಮೆರಿಕ ದೇಶದಲ್ಲಿ ನಿಂತವರು. ಅವರು ಸೃಷ್ಟಿಸಿದ್ದು ಒಂದು ಪುಟ್ಟ ಕಪಿಯನ್ನು. ಇಂಗ್ಲೀಷಿನಲ್ಲಿ ಅದರ ಹೆಸರು ‘ಕ್ಯೂರಿಯಸ್ ಜಾರ್ಜ್’. ಕನ್ನಡದಲ್ಲಿ ಬೇಕಾದರೆ ‘ಕುತೂಹಲಿ ಜಾರ್ಜ’ ಎನ್ನೋಣ. ಚಿತ್ರದ ಪುಸ್ತಕವನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದು ಸಂಗೀತವನ್ನು ಕಾಗದದ ಮೇಲೆ ವರ್ಣಿಸಿದ ಹಾಗೆ. ಆದರೆ ಈ ಪುಸ್ತಕದ ಹಿಂದಿನ ಜೀವನವನ್ನು ಹೇಳಲು ಚಿತ್ರ ಬೇಕಿಲ್ಲ.

ಹಾನ್ಸ್ ಹುಟ್ಟಿದ್ದು ೧೮೯೮ರ ಸೆಪ್ಟೆಂಬರ್ ೧೬ರಂದು, ಹ್ಯಾಂಬರ್ಗ್ ನಗರದಲ್ಲಿ. ಮನೆತನದ ಹೆಸರು ರೇಯರ್ಸ್‌ಬಾಕ್. ಆ ಊರಿನ ಹೊರವಲಯದಲ್ಲಿ ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿವ್ಯಾಪಾರಿ ೧೯೦೭ರಲ್ಲಿ ಒಂದು ದೊಡ್ಡ ಮೃಗಾಲಯವನ್ನು ತೆರೆದನು. ಪ್ರಾಣಿಗಳನ್ನು ಕಬ್ಬಿಣದ ಕಂಬಿಗಳ ಹಿಂದೆ ಕೂಡಿಹಾಕದೆ, ಕಂದಕದ ಆಚೆಗೆ ಬಯಲಿನಲ್ಲಿ ಬಿಟ್ಟು ತೋರಿಸುವ ಕ್ರಮಕ್ಕೆ ಆ ಮೃಗಾಲಯವೇ ಪ್ರಸಿದ್ಧವಾದ ಮೇಲ್ಪಂಕ್ತಿ. ಮೈಸೂರಿನ ಮೃಗಾಲಯವನ್ನು ಕಂಡಿರುವ ನಮ್ಮ ಶ್ರೋತೃಗಳಿಗೆ ಈ ಕಂದಕಗಳು ಹೊಸವಲ್ಲ. ಬಾಲಕನಾದ ಹಾನ್ಸ್ ಅಲ್ಲಿ ಕಳೆದ ಹೊತ್ತಿಗೆ ಲೆಕ್ಕವಿಲ್ಲ. ಪ್ರಾಣಿಗಳನ್ನು ನೋಡಿ ಬರೆಯುವುದಷ್ಟೇ ಅಲ್ಲ, ಅವುಗಳ ಕೂಗನ್ನು ಅನುಕರಿಸುವುದನ್ನೂ ಕಲಿತನು. ದೊಡ್ಡವನಾದ ಮೇಲೂ ಸಿಂಹದಂತೆ ಗರ್ಜಿಸಿ ಮಕ್ಕಳನ್ನು ಬೆರಗುಗೊಳಿಸುತ್ತಿದ್ದನಂತೆ.

ಮೊದಲನೆಯ ಮಹಾಯುದ್ಧದಲ್ಲಿ ಆತ ಜರ್ಮನ್ ಸೇನೆಯಲ್ಲಿ ಸೈನಿಕನಾಗಿದ್ದನು. ಬೆನ್ನಚೀಲದಲ್ಲಿ ಒಂದು ಖಗೋಳಶಾಸ್ತ್ರದ ಪುಸ್ತಕವಿದ್ದಿತು. ದೀಪಗಳನ್ನು ಆರಿಸಿದ ಕತ್ತಲೆಯಲ್ಲಿ ನಕ್ಷತ್ರಗಳು ಚೆನ್ನಾಗಿ ಕಾಣುತ್ತಿದ್ದವು. ಆದರೆ ಪುಸ್ತಕದ ಪಟಗಳಿಗೂ ಮೇಲಿನ ಆಕಾಶಕ್ಕೂ ಹೊಂದಿಕೆಯೇ ತೋರದು. ಈ ಅಸಮಾಧಾನವನ್ನು ಆತ ಮರೆಯಲಿಲ್ಲವೆಂಬುದನ್ನು ಮುಂದೆ ನೋಡುತ್ತೇವೆ. ಯುದ್ಧ ಮುಗಿದ ಮೇಲೆ ಮ್ಯೂನಿಕ್ ಮತ್ತು ಹ್ಯಾಂಬರ್ಗಿನ ವಿಶ್ವವಿದ್ಯಾನಿಲಯಗಳಲ್ಲಿ ಓದು. ಜೀವನಕ್ಕೆ ಸರ್ಕಸ್ಸಿನ ಭಿತ್ತಿಪತ್ರಗಳನ್ನು ಕಲ್ಲಚ್ಚಿನಲ್ಲಿ ಬರೆಯುವ ಕೆಲಸ. ಆದರೆ ಜರ್ಮನಿಯಲ್ಲಿ ಆಗ ನಾಣ್ಯದ ಬೆಲೆ ಪಾತಾಳಕ್ಕೆ ಇಳಿದು, ಓದಿದವನಿಗೂ ಅನ್ನವಿಲ್ಲದ ಕಾಲ ಬಂದಿದ್ದಿತು. ೧೯೨೫ರಲ್ಲಿ ಹಾನ್ಸ್ ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ನಗರಕ್ಕೆ ಹೊರಟುಹೋದನು.

ಅಲ್ಲಿ ಆತ ಮಾಡಿದ ಉದ್ಯೋಗವನ್ನು ಕೇಳಿದರೆ ನಗು ಬರುತ್ತದೆ. ಅಮೆಜಾನ್ ನದಿಯ ದಂಡೆಯ ಊರುಗಳಲ್ಲಿ ಸ್ನಾನದ ತೊಟ್ಟಿಗಳನ್ನೂ ಕೈತೊಳೆಯುವ ಬೋಗುಣಿಗಳನ್ನೂ ಮಾರುವುದು! ಪ್ರಪಂಚದ ಅತಿ ದೊಡ್ಡ ನದಿಯೊಂದರ ಮಗ್ಗುಲಲ್ಲಿಯೇ ಬಾಳುವ ಜನಕ್ಕೆ ಸ್ನಾನದ ತೊಟ್ಟಿಯನ್ನು ಮಾರುವವನ ವಾಗ್ಮಿತೆಯನ್ನು ಶ್ರೋತೃಗಳೇ ಊಹಿಸಿಕೊಳ್ಳಬಹುದು. ವ್ಯಾಪಾರದ ನಡುವೆ ದಡದ ಮರಗಳಲ್ಲಿನ ಕೋತಿಗಳನ್ನು ನೋಡುವುದು, ಬರೆಯುವುದು. ‘ರೇಯರ್ಸ್‌ಬಾಕ್’ ಎಂಬ ಹೆಸರು ಬ್ರೆಜಿಲಿನವರ ನಾಲಗೆಗೆ ಹೊರಳದೆ ಹೋದುದರಿಂದ ಅದನ್ನು ಮೊಟಕುಮಾಡಿ ‘ರೇ’ ಎಂದು ಇಟ್ಟುಕೊಂಡನು. ವಲಸೆಗಾರನು ಹೊಸ ನಾಡಿಗೆ ಸಲ್ಲಿಸುವ ಮೊದಲ ಸುಂಕ ಸಾಮಾನ್ಯವಾಗಿ ತನ್ನ ಹೆಸರೇ.

ಮಾರ್ಗರೆಟೆ ವಾಲ್ಡ್‌ಸ್ಟೈನ್ ಕೂಡ ಹ್ಯಾಂಬರ್ಗಿನವಳೇ. ಹುಟ್ಟಿದ್ದು ೧೯೦೬ರ ಮೇ ೧೬ರಂದು. ಆಕೆಯ ತಂದೆ ಜರ್ಮನಿಯ ಶಾಸನಸಭೆಯ ಸದಸ್ಯನಾಗಿದ್ದವನು. ಆಕೆ ಡೆಸ್ಸೌ ಊರಿನ ಬೌಹೌಸ್ ಎಂಬ ಪ್ರಸಿದ್ಧ ಕಲಾಶಾಲೆಯಲ್ಲಿ ಕಲಿತು, ಛಾಯಾಚಿತ್ರಣದಲ್ಲಿಯೂ ಜಾಹೀರಾತಿನ ಬರವಣಿಗೆಯಲ್ಲಿಯೂ ಪಳಗಿದ್ದಳು. ಹಾನ್ಸನಿಗೆ ಆ ಮನೆಯವರ ಪರಿಚಯ ಹಿಂದಿನಿಂದಲೇ ಇದ್ದಿತು. ಹುಡುಗಿ ಮಾರ್ಗರೆಟೆ ಮನೆಯ ಮೆಟ್ಟಲಿನ ಕೈಪಿಡಿಯ ಮೇಲೆ ಕುಳಿತು ಜಾರಿ ಇಳಿಯುತ್ತಿದ್ದುದನ್ನು ಕಂಡದ್ದೇ ಆತನ ಮೊದಲ ನೆನಪಂತೆ. ೧೯೩೩ರ ಜನವರಿಯಲ್ಲಿ ಹಿಟ್ಲರನಿಗೆ ಅಧಿಕಾರ ಬಂದ ಮೇಲೆ ಯೆಹೂದ್ಯಳಾದ ಆಕೆಗೆ ಆ ದೇಶದಲ್ಲಿ ಭವಿಷ್ಯವಿರಲಿಲ್ಲ. ೧೯೩೫ರಲ್ಲಿ ರಿಯೋ ನಗರವನ್ನು ಸೇರಿದಳು. ತೊಟ್ಟಿ ಮಾರುವ ಕೆಲಸವನ್ನು ಬಿಡಿಸಿ, ಹಾನ್ಸನೊಡನೆ ಜಾಹೀರಾತಿನ ಕಚೇರಿಯೊಂದನ್ನು ತೆರೆದು, ಅದೇ ವರ್ಷ ಆತನನ್ನು ಮದುವೆಯಾದಳು. ಆತ ಸೌಮ್ಯ, ಆಕೆ ಖಾರ. ಅವರನ್ನು ಬಲ್ಲವರೆಲ್ಲ ಹೇಳುವುದು ಇದೇ ಮಾತು. ಇಬ್ಬರೂ ಬ್ರೆಜಿಲಿನ ಪೌರತ್ವವನ್ನು ಪಡೆದುಕೊಂಡರು. ಈ ಕಡೆಯ ಸಂಗತಿಯನ್ನು ಶ್ರೋತೃಗಳು ದಯವಿಟ್ಟು ಮನಸ್ಸಿನಲ್ಲಿಟ್ಟಿರಬೇಕು.

ದಂಪತಿಗಳು ಮಾರ್ಮೊಸೆಟ್ ಎಂಬ ಜಾತಿಯ ಎರಡು ಪುಟ್ಟ ಕೋತಿಗಳನ್ನು ಸಾಕಿದ್ದರು. ೧೯೩೬ರಲ್ಲಿ ಯೂರೋಪಿಗೆ ವಿಹಾರಕ್ಕೆಂದು ಹೊರಟಾಗ ಅವೂ ಹಡಗನ್ನು ಏರಿದವು. ಅಟ್ಲಾಂಟಿಕ್ ಸಾಗರದ ಚಳಿಗೆ ಬೆದರಿ ಮಾರ್ಗರೆಟ್ ಅವಕ್ಕೆ ಉಣ್ಣೆಯ ಅಂಗಿಗಳನ್ನು ಹೆಣೆದು ತೊಡಿಸಿದಳು. ಆದರೂ ಅವು ದಾರಿಯಲ್ಲಿಯೇ ಸತ್ತುಹೋದವು. ಪ್ಯಾರಿಸಿನಲ್ಲಿ, ಮೊಂಮಾರ್ತ್ರ್ ದಿಣ್ಣೆಯ ಮೇಲಿನ ಒಂದು ಹೋಟೆಲಿನಲ್ಲಿ, ಎರಡು ವಾರಕ್ಕೆಂದು ಇಳಿದವರು ನಾಲ್ಕು ವರ್ಷ ಉಳಿದರು. ಅಲ್ಲಿಯೇ ಹಾನ್ಸ್ ಬರೆದ ನಗೆಯ ಚಿತ್ರಗಳು ಪ್ರಕಾಶಕರ ಕಣ್ಣಿಗೆ ಬಿದ್ದು, ದಂಪತಿಗಳು ಮಕ್ಕಳ ಪುಸ್ತಕದ ಕಸುಬಿಗೆ ಇಳಿದದ್ದು. ಅವರಿಗೆ ಮಕ್ಕಳಿರಲಿಲ್ಲ, ಕೊನೆಯವರೆಗೂ ಆಗಲಿಲ್ಲ.

೧೯೩೯ರಲ್ಲಿ ಹೊರಬಂದ ಅವರ ಒಂದು ಪುಸ್ತಕದ ನಾಯಕಪಾತ್ರ ಜಿರಾಫೆ. ಫ್ರೆಂಚಿನಲ್ಲಿಯೂ ಇಂಗ್ಲೆಂಡಿನಲ್ಲಿಯೂ ಅದಕ್ಕೆ ರಾಫಿ ಎಂದು ಹೆಸರು. ಅದರ ಬಂಧುಬಳಗವನ್ನೆಲ್ಲ ಮೃಗಾಲಯಕ್ಕೆ ಹಿಡಿದೊಯ್ದಿದ್ದಾರೆ; ದೊಡ್ಡ ಮನೆಯಲ್ಲಿ ಒಂಟಿಯಾಗಿ ಕುಳಿತು ಅಳುತ್ತಿದೆ. ಇನ್ನೊಂದು ಕಡೆ ಒಂಬತ್ತು ಕೋತಿಗಳ ಸಂಸಾರ. ಮರ ಕಡಿಯುವವರು ಬಂದು ಅವುಗಳ ಕಾಡನ್ನೆಲ್ಲ ಕಡಿದುಹಾಕಿದ್ದರಿಂದ ಗಂಟುಮೂಟೆ ಕಟ್ಟಿಕೊಂಡು ಇರಲು ಎಡೆಯನ್ನು ಹುಡುಕುತ್ತ ಹೊರಟಿವೆ. ದಾರಿ ಕಡಿದುಹೋದ ಕಡೆಯಲ್ಲಿ ಜಿರಾಫೆ ತನ್ನ ಮೈಯನ್ನೇ ಚಾಚಿ ಸೇತುವೆಯಾಗುತ್ತದೆ. ಕೋತಿಗಳು ಅದರ ಬೆನ್ನ ಮೇಲೆ ದಾಟಿ ಬಂದು ಅದರ ಮನೆಯಲ್ಲಿಯೇ ನೆಲಸುತ್ತವೆ. ಪುಸ್ತಕದ ತುಂಬ ನಗೆಯೇ ನಗೆ. ಆದರೆ ೧೯೩೯ನೆಯ ಇಸವಿಯಲ್ಲಿ ಯೂರೋಪಿನ ರಸ್ತೆಗಳಲ್ಲಿ ಗಂಟು ಹೊತ್ತು ನಿಂತಿದ್ದವರು ಎಷ್ಟು ಮಂದಿ, ಅವರಿಗೆ ಬೆನ್ನು ಚಾಚಿದ ಜಿರಾಫೆಗಳು ಎಷ್ಟು, ಎಂಬುದನ್ನು ಯೋಚಿಸಿದರೆ ಆ ನಗೆಯ ಅಡಿಯಲ್ಲಿ ಏನಿದೆಯೆಂಬುದು ತಿಳಿಯುತ್ತದೆ. ಆ ಒಂಬತ್ತರಲ್ಲಿ ಒಂದು ಕೋತಿ ಉಳಿದವಕ್ಕಿಂತ ಚುರುಕು. ಅದಕ್ಕೇ ಬೇರೆ ಒಂದು ಕತೆ ಬರೆಯೋಣವೆಂದು ದಂಪತಿಗಳು ಆಗಲೇ ಯೋಚಿಸಿ, ‘ಫಿಫಿ’ ಎಂಬ ಹೆಸರಿನಿಂದ ಚಿತ್ರಗಳನ್ನು ಸಿದ್ಧಪಡಿಸತೊಡಗಿದರು.

ಆ ವರ್ಷದ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು. ದಂಪತಿಗಳು ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನ ಹಳೆಯ ಬಂಗಲೆಯೊಂದರಲ್ಲಿ ಕೆಲವು ಕಾಲ ಇದ್ದರು. ಜರ್ಮನ್ ಉಚ್ಚಾರಣೆಯ ಇಬ್ಬರು ಅಪರಿಚಿತರು ಹಗಲೆಲ್ಲ ಬಾಗಿಲು ಹಾಕಿಕೊಂಡು ಏನು ಮಾಡುತ್ತಾರೆ? ಬಾಂಬು ಮಾಡುತ್ತಿರಬೇಕು! ಹಳ್ಳಿಯವರ ಸಂಶಯ ಪೋಲೀಸರವರೆಗೆ ಹೋಗಿ, ಅವರು ಬಂದು ಮನೆಯನ್ನು ಶೋಧಿಸಿದರು. ಸಿಕ್ಕಿದ್ದು ಜಿರಾಫೆಗಳ ಮತ್ತು ಕೋತಿಗಳ ಬಣ್ಣದ ಚಿತ್ರಗಳು. ಪೋಲೀಸರು ನಕ್ಕು ಹಿಂದಿರುಗಿದರು.

ಇನ್ನು ೧೯೪೦ರ ಜೂನ್ ತಿಂಗಳು. ಜರ್ಮನ್ ಸೇನೆ ಪ್ಯಾರಿಸಿನ ಕಡೆಗೆ ಧಾವಿಸುತ್ತಿದೆ. ಲಕ್ಷಗಟ್ಟಲೆ ಜನ ಊರು ಬಿಟ್ಟು ದಕ್ಷಿಣಕ್ಕೆ ಹರಿಯುತ್ತಿದ್ದಾರೆ. ಕಾರು, ಎತ್ತಿನ ಗಾಡಿ, ಮಕ್ಕಳನ್ನು ಕೂರಿಸಿ ತಳ್ಳುವ ಬಂಡಿ, ಏನು ಸಿಕ್ಕಿದರೆ ಅದರಲ್ಲಿ ಸಾಮಾನು ತುಂಬಿ ರಸ್ತೆಗಳೆಲ್ಲ ಕಿಕ್ಕಿರಿದಿವೆ. ರೇ ದಂಪತಿಗಳಿಗೆ ಕಾರಿಲ್ಲ. ರೈಲಿನಲ್ಲಿ ಕಾಲಿಡಲು ಸ್ಥಳವಿಲ್ಲ. ಬೈಸಿಕಲ್ಲುಗಳನ್ನು ಕೊಳ್ಳೋಣವೆಂದರೆ ಅಂಗಡಿಗಳು ಬರಿದಾಗಿವೆ. ಇಬ್ಬರು ಹಿಂದೆ ಮುಂದೆ ಕುಳಿತು ತುಳಿಯುವ ಜೋಡಿ ಬೈಸಿಕಲ್ಲೊಂದು ದೊರೆಯಿತಂತೆ. ಅದನ್ನು ಏರಿ ನೋಡಿದ ಮಾರ್ಗರೆಟ್ ಇದು ತನ್ನಿಂದಾಗದು ಎಂದುಬಿಟ್ಟಳು. ಕೊನೆಗೆ ಹಾನ್ಸ್ ಬಿಡಿ ಭಾಗಗಳನ್ನು ಕೊಂಡು, ತಾನೇ ಕುಳಿತು ಎರಡು ಬೈಸಿಕಲ್ಲುಗಳನ್ನು ಜೋಡಿಸಿದನು. ಆತ ಯಂತ್ರಕಾರನಲ್ಲ, ಚಿತ್ರಗಾರ. ಆ ಬೈಸಿಕಲ್ಲುಗಳು ಮುರಿಯದೆ ನಡೆದದ್ದೇ ಒಂದು ಆಶ್ಚರ್ಯ.

ಜೂನ್ ೧೨ರ ಬೆಳಗಿನ ಜಾವದಲ್ಲಿ ಹೊರಟರು. ಜೂನ್ ೧೪ರಂದು ಜರ್ಮನ್ ಸೇನೆ ಪ್ಯಾರಿಸನ್ನು ಪ್ರವೇಶಿಸಿತು. ನಡುವಿನ ಅಂತರ ಎರಡೇ ದಿನ. ಬುಟ್ಟಿಯಲ್ಲಿ ಇದ್ದ ಸಾಮಾನು: ಚಳಿಗಾಲದ ಕೋಟುಗಳು, ಒಂದಿಷ್ಟು ರೊಟ್ಟಿ ಮತ್ತು ಗಿಣ್ಣು, ನೀರು, ಹಾನ್ಸನ ಹೊಗೆಕೊಳವೆ, ಮತ್ತು ಪುಸ್ತಕಗಳ ಹಸ್ತಪ್ರತಿಗಳು. ಮೊದಲ ದಿನ ಪ್ಯಾರಿಸಿನ ದಕ್ಷಿಣಕ್ಕೆ ಸುಮಾರು ೫೦ ಕಿಲೋಮೀಟರು ದೂರದ ಎತಾಂಪ್ ಊರು. ಒಂದು ರಾತ್ರಿ ಹಳ್ಳಿಯ ರೈತನೊಬ್ಬನ ಕೊಟ್ಟಿಗೆಯಲ್ಲಿ ಹಸುಗಳ ಜೊತೆ ನಿದ್ರೆ. ಓರ್ಲೆಯಾಂ ಊರನ್ನು ತಲಪಿ, ಅಲ್ಲಿಂದ ರೈಲು ಹಿಡಿದು ಸ್ಪೇನಿನ ಗಡಿ. ಗಡಿಯನ್ನು ದಾಟಿ, ಪೋರ್ಚುಗಲ್ಲಿನ ಲಿಸ್ಬನ್. ಅಲ್ಲಿಂದ ಹಡಗಿನಲ್ಲಿ ರಿಯೋ. ರಿಯೋ ನಗರದಿಂದ ಅಮೆರಿಕಕ್ಕೆ. ೧೯೪೦ರ ಅಕ್ಟೋಬರ್ ೧೪ರಂದು ನ್ಯೂಯಾರ್ಕ್ ರೇವಿನಲ್ಲಿ ಇಳಿದಾಗ ಅವರು ಪ್ಯಾರಿಸನ್ನು ಬಿಟ್ಟು ನಾಲ್ಕು ತಿಂಗಳಾಗಿದ್ದಿತು.

ಈ ಕತೆಯನ್ನು ಹೇಳುವವರೆಲ್ಲ ಬೈಸಿಕಲ್ಲುಗಳನ್ನು ಕೊಂಡಾಡುತ್ತಾರೆ. ಬೈಸಿಕಲ್ಲುಗಳು ಸೊಗಸಾದವೇ, ಕತೆಗೆ ಒಪ್ಪುವಂಥವೇ. ಆದರೆ ಅವರನ್ನು ಕಾಪಾಡಿದ್ದು ಬೈಸಿಕಲ್ಲಲ್ಲ, ರಹದಾರಿ ಎಂಬುದು ನಮ್ಮ ಅಭಿಪ್ರಾಯ. ಜರ್ಮನಿಯಲ್ಲಿ ಹುಟ್ಟಿದ ಇತರ ನಿರಾಶ್ರಿತರನ್ನು ಫ್ರೆಂಚ್ ಸರ್ಕಾರವೇ ಶತ್ರುದೇಶದವರೆಂದು ಶಿಬಿರಗಳಲ್ಲಿ ಕೂಡಿಹಾಕಿದ್ದಿತು. ರೇ ದಂಪತಿಗಳು ಕಾಗದದ ಪ್ರಕಾರ ಜರ್ಮನರಲ್ಲ, ಬ್ರೆಜಿಲಿನವರು. ಬ್ರೆಜಿಲ್ ಆಗ ತಟಸ್ಥ ರಾಷ್ಟ್ರ. ಎಂದರೆ, ಅಮೆಜಾನಿನ ದಡದಲ್ಲಿ ಹಿಂದೆ ಸ್ನಾನದ ತೊಟ್ಟಿಗಳನ್ನು ಮಾರಿದವನಾದ್ದರಿಂದ ಹಾನ್ಸ್ ಗಡಿಗಳನ್ನು ದಾಟಿದನು.

ಹಾಗೆ ದಾಟಲಾಗದವನೊಬ್ಬನ ನೆನಪು ಇಲ್ಲಿ ಬರುತ್ತದೆ. ಬರ್ಲಿನ್ನಿನ ವಾಲ್ಟರ್ ಬೆಂಜಮಿನ್ ದೊಡ್ಡ ವಿಮರ್ಶಕ. ೧೯೩೩ಕ್ಕೆ ಮೊದಲು ಬರ್ಲಿನ್ ಮತ್ತು ಫ್ರಾಂಕ್‌ಫರ್ಟ್ ನಗರಗಳ ರೇಡಿಯೋ ನಿಲಯಗಳಿಂದ ಮಕ್ಕಳಿಗಾಗಿ ಎಷ್ಟೋ ಭಾಷಣಗಳನ್ನು ಮಾಡಿದವನು. ಹಳೆಯ ಮಕ್ಕಳ ಚಿತ್ರಪುಸ್ತಕಗಳನ್ನು ಕಲೆಹಾಕುವುದು ಆತನ ಮೆಚ್ಚಿನ ಹವ್ಯಾಸ. ಆತನೂ ಯೆಹೂದ್ಯ, ಆತನೂ ಪ್ಯಾರಿಸಿನಲ್ಲಿದ್ದವನು, ಆತನೂ ಅದೇ ಜೂನ್ ತಿಂಗಳಲ್ಲಿ ದಕ್ಷಿಣಕ್ಕೆ ಓಡಿದವನು. ಸೆಪ್ಟೆಂಬರಿನಲ್ಲಿ, ಹೃದಯರೋಗಿಯಾದರೂ, ಪಿರೆನೀಸ್ ಪರ್ವತವನ್ನು ಕಾಲುನಡಿಗೆಯಲ್ಲಿ ಹತ್ತಿಳಿದು ಸ್ಪೇನಿನ ಪೋರ್ಟ್‌ಬೌ ಊರನ್ನು ಮುಟ್ಟಿದನು. ಕೈಯಲ್ಲಿ ಭಾರವಾದ ಒಂದು ಚರ್ಮದ ಚೀಲ, ಅದರಲ್ಲಿ ಹಸ್ತಪ್ರತಿ. ಸ್ಪೇನಿನ ಅಧಿಕಾರಿಗಳು ಕಾಗದಪತ್ರ ಸಾಲದೆಂದು ಹಿಂದಿರುಗಲು ಹೇಳಿದರು. ೧೯೪೦ರ ಸೆಪ್ಟೆಂಬರ್ ೨೬ರ ರಾತ್ರಿ ಆತ ವಿಷಪ್ರಾಯವಾದ ಔಷಧವನ್ನು ಸೇವಿಸಿ ತೀರಿಕೊಂಡನು. ಆ ಹಸ್ತಪ್ರತಿ ಮುಂದೆ ದೊರೆಯಲೇ ಇಲ್ಲ. ಒಂದೇ ಬೇಸಗೆಯಲ್ಲಿ ಒಂದೇ ನಗರದಿಂದ ಹೊರಟ ಎರಡು ಗಂಟುಗಳಲ್ಲಿ ಕಪಿಯ ಗಂಟು ದಾಟಿತು, ಪಂಡಿತನ ಗಂಟು ದಾಟಲಿಲ್ಲ. ಇದರಲ್ಲಿ ನ್ಯಾಯವನ್ನು ಹುಡುಕುವುದು ವ್ಯರ್ಥ.

ನ್ಯೂಯಾರ್ಕಿನಲ್ಲಿ ಅದೃಷ್ಟ ತಡಮಾಡಲಿಲ್ಲ. ಲಂಡನ್ನಿನಲ್ಲಿದ್ದಾಗಲೇ ಇವರ ಕೆಲಸವನ್ನು ಬಲ್ಲವಳಾಗಿದ್ದ ಗ್ರೇಸ್ ಹೊಗಾರ್ತ್ ಎಂಬ ಸಂಪಾದಕಿ ಅಷ್ಟರಲ್ಲಿ ಬಾಸ್ಟನ್ನಿನ ಹೌಟನ್ ಮಿಫ್ಲಿನ್ ಪ್ರಕಾಶನದಲ್ಲಿದ್ದಳು. ಆಕೆ ನಾಲ್ಕು ಪುಸ್ತಕಗಳಿಗೆ ಒಪ್ಪಂದ ಮಾಡಿಕೊಂಡಳು. ‘ಫಿಫಿ’ ಎಂಬ ಹೆಸರು ಗಂಡುಕೋತಿಗೆ ಒಪ್ಪದೆಂದು ಅಮೆರಿಕದ ಪ್ರಕಾಶಕರು ಹೇಳಿದ್ದರಿಂದ ಅದು ‘ಜಾರ್ಜ್’ ಆಯಿತು. ೧೯೪೧ರಲ್ಲಿ ಪುಸ್ತಕ ಹೊರಬಂದಿತು. ಇಂಗ್ಲೆಂಡಿನಲ್ಲಿ ಮಾತ್ರ ಈ ಹೆಸರು ಸಲ್ಲಲಿಲ್ಲ. ಸಿಂಹಾಸನದ ಮೇಲಿದ್ದವನು ಆರನೆಯ ಜಾರ್ಜು. ನಮ್ಮ ರೂಪಾಯಿಯ ಮೇಲೂ ಆಗ ಆ ಮುಖವೇ ಇದ್ದಿತಷ್ಟೆ. ಚಕ್ರವರ್ತಿಯ ನಾಮಧೇಯವನ್ನು ಕಪಿಗೆ ಇಡಬಹುದೆ? ಬ್ರಿಟಿಷ್ ಮಕ್ಕಳು ಅದನ್ನು ‘ಝೋಝೋ’ ಎಂದು ಕರೆಯಬೇಕಾಯಿತು. ಊರಿನಿಂದೂರಿಗೆ ಹೆಸರು ಬದಲಾಯಿಸುವ ಹಣೆಬರಹ ಸೃಷ್ಟಿಕರ್ತರಿಂದ ಸೃಷ್ಟಿಗೂ ಬಂದಿತೆನ್ನಬೇಕು.

ಕತೆ ಬಲು ಸರಳ. ಹಳದಿಯ ಟೋಪಿ ಧರಿಸಿದ ಒಬ್ಬ ಮನುಷ್ಯ ಆಫ್ರಿಕದ ಕಾಡಿನಲ್ಲಿ ಜಾರ್ಜನನ್ನು ಕಾಣುತ್ತಾನೆ. ಟೋಪಿಯನ್ನು ನೆಲದ ಮೇಲಿಡುತ್ತಾನೆ. ಕಪಿ ಕುತೂಹಲದಿಂದ ಇಳಿದು ಬಂದು ಅದನ್ನು ತಲೆಗೆ ಹಾಕಿಕೊಂಡೊಡನೆ ಕಣ್ಣು ಮುಚ್ಚುತ್ತದೆ. ಆತ ಚೀಲದಲ್ಲಿ ಹಾಕಿಕೊಂಡು ಹಡಗಿಗೆ ಒಯ್ಯುತ್ತಾನೆ. ಕಡಲಹಕ್ಕಿಗಳಂತೆ ಹಾರಹೋಗಿ ಜಾರ್ಜ ನೀರಿಗೆ ಬೀಳುತ್ತಾನೆ. ದೊಡ್ಡ ನಗರ. ಅಲ್ಲಿ ಟೆಲಿಫೋನನ್ನು ಆಟಿಕೆಯೆಂದು ತಿರುಗಿಸುತ್ತಾನೆ. ಬೆಂಕಿ ಆರಿಸುವ ದಳದವರು ಗಂಟೆ ಬಾರಿಸುತ್ತ ಧಾವಿಸಿ ಬಂದು, ಬೆಂಕಿಯಿಲ್ಲದ್ದನ್ನು ಕಂಡು, ಸೆರೆಮನೆಗೆ ತಳ್ಳುತ್ತಾರೆ. ಅಲ್ಲಿಂದ ತಂತಿಗಳ ಮೇಲೆ ನಡೆದು ಪರಾರಿ. ಬಲೂನುಗಳ ಗೊಂಚಲು ಹಿಡಿದು ಆಕಾಶಯಾನ. ಕೊನೆಗೆ ಮೃಗಾಲಯ.

ಈ ಜಾರ್ಜನ ಎರಡು ಲಕ್ಷಣಗಳು ಗಮನಾರ್ಹ. ಒಂದು, ಅವನಿಗೆ ಬಾಲವಿಲ್ಲ. ಲಂಕೆಯನ್ನು ಬಾಲದಿಂದಲೇ ಸುಟ್ಟ ಕತೆಯನ್ನು ಕೇಳಿ ಬೆಳೆದ ನಮಗೆ ಇದು ಅಂಗಹೀನತೆಯಂತೆ ತೋರೀತು. ಪಾಶ್ಚಾತ್ಯ ಪ್ರಾಣಿಶಾಸ್ತ್ರಜ್ಞರೂ ಬಾಲವಿಲ್ಲದ್ದು ಕೋತಿಯೆ ಎಂದು ಹುಬ್ಬೇರಿಸುತ್ತಾರೆ. ಇನ್ನೊಂದು, ಅವನು ಮಾತನಾಡುವುದಿಲ್ಲ. ಚಿತ್ರಪುಸ್ತಕಗಳ ನರಿ ಕರಡಿ ಮೊಲಗಳೆಲ್ಲ ವಕೀಲರಂತೆ ವಾದಿಸುತ್ತಿರುವಾಗ ಜಾರ್ಜ ಕೇವಲ ನೋಡುತ್ತಾನೆ, ಮುಟ್ಟುತ್ತಾನೆ, ಓಡುತ್ತಾನೆ. ಹಡಗಿನಲ್ಲಿ ಬಂದು ಇಳಿದವನು. ಊರಿನ ಭಾಷೆಯನ್ನು ಆಡಲಾರನು. ಇಲ್ಲಿ ಯಾವುದನ್ನು ಮುಟ್ಟಬಹುದು ಯಾವುದನ್ನು ಮುಟ್ಟಬಾರದು ಎಂಬ ಕಟ್ಟಳೆ ಅವನಿಗೆ ತಿಳಿಯದು. ಮಾಡಿದ್ದು ತಪ್ಪೆಂದು ಗೊತ್ತಾಗುವುದು ಪೋಲೀಸರು ಹಿಡಿದ ಮೇಲೆಯೇ. ಇವನು ಯಾರು? ಮೂರು ವರ್ಷದ ಮಗುವೆಂದು ತಾಯಂದಿರು ಹೇಳುತ್ತಾರೆ. ವಲಸೆಗಾರನೆಂದು ನಾವು ಹೇಳುತ್ತೇವೆ. ಎರಡೂ ಸರಿಯೇ, ಮಗುವೂ ಈ ಲೋಕಕ್ಕೆ ಈಚೆಗೆ ಬಂದ ಪರದೇಶಿಯೇ ತಾನೆ!

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಜಾರ್ಜನ ಪಲಾಯನಗಳೆಲ್ಲ ರೇ ದಂಪತಿಗಳ ಪ್ಯಾರಿಸ್ ಪಲಾಯನದ ಪ್ರತಿಬಿಂಬವೆಂದು ಈಚೆಗೆ ಕೆಲವರು ಬರೆದಿದ್ದಾರೆ. ಕೇಳಲು ಹಿತವಾಗಿದೆ, ತಾರೀಖುಗಳು ಒಪ್ಪುವುದಿಲ್ಲ. ಮೊದಲ ಪುಸ್ತಕದ ಚಿತ್ರಗಳು ಬೈಸಿಕಲ್ಲಿನ ಬುಟ್ಟಿಯಲ್ಲಿ ಇದ್ದವು. ಎಂದರೆ ಕತೆ ಓಟಕ್ಕಿಂತ ಮೊದಲೇ ಹುಟ್ಟಿದ್ದಿತು. ಓಡಿದವರು ಕತೆಯನ್ನು ಕಟ್ಟಲಿಲ್ಲ, ಕತೆಯನ್ನು ಕಟ್ಟಿದವರು ಓಡಬೇಕಾಯಿತು. ಹ್ಯಾಂಬರ್ಗಿನಿಂದ ರಿಯೋ, ರಿಯೋ ನಗರದಿಂದ ಪ್ಯಾರಿಸ್, ಹೀಗೆ ಅವರು ಅದಾಗಲೇ ಎರಡು ಸಲ ಪರದೇಶಿಗಳಾಗಿದ್ದರೆಂಬುದೇ ಕತೆಗೆ ಸಾಕಾದ ಮೂಲ. ೧೯೫೨ರಲ್ಲಿ ಬಂದ ಪುಸ್ತಕದಲ್ಲಿ ಜಾರ್ಜ ಬೈಸಿಕಲ್ಲನ್ನು ತುಳಿಯುತ್ತಾನೆ, ನಿಜ. ಅಲ್ಲಿ ಬೇಕಾದರೆ ಪ್ಯಾರಿಸಿನ ರಸ್ತೆಯ ನೆನಪನ್ನು ಹುಡುಕಬಹುದು.

ಮೊದಲ ಪುಸ್ತಕದ ಆ ಚೀಲದ ವಿಷಯಕ್ಕೆ ಬರೋಣ. ಆಫ್ರಿಕದಲ್ಲಿ ಸುಖವಾಗಿದ್ದ ಜೀವಿಯನ್ನು ಬಿಳಿಯನೊಬ್ಬ ಉಪಾಯದಿಂದ ಹಿಡಿದು, ಚೀಲಕ್ಕೆ ತುರುಕಿ, ಹಡಗಿನಲ್ಲಿ ಸಾಗಿಸಿ, ಕೊನೆಗೆ ಮೃಗಾಲಯದಲ್ಲಿ ಸುಖವಾಗಿದ್ದಾನೆಂದು ಮುಗಿಸುವುದು ಗುಲಾಮರ ವ್ಯಾಪಾರವನ್ನು ನೆನಪಿಗೆ ತರುತ್ತದೆಂದು ಅಮೆರಿಕದ ವಿಮರ್ಶಕರು ಆಕ್ಷೇಪಿಸಿದ್ದಾರೆ. ಪುಸ್ತಕದ ಅಭಿಮಾನಿಗಳು ಇದನ್ನು ಅತಿರೇಕವೆಂದು ತಳ್ಳಿಹಾಕುತ್ತಾರೆ. ಹಾಗೆ ತಳ್ಳಿಹಾಕಲು ನಮ್ಮ ಮನಸ್ಸು ಒಪ್ಪದು. ಪರಕೀಯರ ಆಳ್ವಿಕೆಯಲ್ಲಿದ್ದ ದೇಶದವರಾದ ನಾವು ಆ ಪುಟವನ್ನು ತಿರುಗಿಸುವಾಗ ಸ್ವಲ್ಪ ತಡೆಯುತ್ತೇವೆ. ರೇ ದಂಪತಿಗಳ ಮನಸ್ಸಿನಲ್ಲಿ ದುರುದ್ದೇಶವಿದ್ದಿತೆಂದಲ್ಲ. ಹಾಗೆನ್‌ಬೆಕ್ಕನ ಮೃಗಾಲಯದ ನೆರೆಯಲ್ಲಿ ಬೆಳೆದ ಹುಡುಗನಿಗೆ, ಪ್ರಾಣಿಗಳು ಆಫ್ರಿಕದಿಂದ ಹಡಗಿನಲ್ಲಿ ಹ್ಯಾಂಬರ್ಗಿಗೆ ಬರುವುದು ಬೆಳಗಾದರೆ ಹಾಲು ಬರುವಷ್ಟೇ ಸಹಜವಾದ ಸಂಗತಿ. ಆ ಹಾಗೆನ್‌ಬೆಕ್ ಪ್ರಾಣಿಗಳನ್ನಷ್ಟೇ ಅಲ್ಲ, ದೂರದ ದೇಶಗಳ ಜನರನ್ನೂ ಕರೆತಂದು, ಅವರ ಗುಡಿಸಲುಗಳ ಸಮೇತ, ಟಿಕೇಟು ಹಚ್ಚಿ ಜರ್ಮನರಿಗೆ ಪ್ರದರ್ಶಿಸಿದವನು, ಸಿಂಹಳದವರೂ ಅವರಲ್ಲಿದ್ದರು. ಬೇಟೆಗೆ ಗುರಿಯಾಗಿ ಓಡಿದವರೇ ಬೇಟೆಯ ಚೀಲವನ್ನು ಇಷ್ಟು ಉಲ್ಲಾಸದಿಂದ ಬರೆದರೆಂಬುದು ವಿಚಿತ್ರ. ಅದೇ ಕೈ, ರಾಫಿಯ ಪುಸ್ತಕದಲ್ಲಿ, ಬಂಧುಗಳನ್ನು ಮೃಗಾಲಯಕ್ಕೆ ಕಳೆದುಕೊಂಡ ಜಿರಾಫೆಯ ಕಣ್ಣೀರನ್ನೂ ಬರೆದಿದ್ದಿತು. ಎರಡು ಪುಸ್ತಕಗಳನ್ನೂ ಮಗುವಿನ ಕೈಗೆ ಒಟ್ಟಿಗೆ ಕೊಡುವುದು ಮೇಲೆಂದು ನಮಗೆ ತೋರುತ್ತದೆ.

ಹೊದಿಕೆಯ ಹೆಸರಿನ ಮಾತನ್ನು ಆರಂಭದಲ್ಲಿ ಎತ್ತಿದೆವು. ಮೊದಲ ಪುಸ್ತಕದ ಮೇಲೆ ಇದ್ದುದು ಎಚ್. ಎ. ರೇ ಎಂಬ ಒಂದೇ ಹೆಸರು. ಚಿತ್ರಗಳು ಆತನವು, ಕತೆಯನ್ನು ನೇಯ್ದು ವಾಕ್ಯಗಳನ್ನು ಹದಗೊಳಿಸಿದವಳು ಆಕೆ. ಮಕ್ಕಳ ಪುಸ್ತಕಗಳನ್ನು ಬರೆಯುವವರು ಹೆಚ್ಚಾಗಿ ಹೆಂಗಸರೇ ಆಗಿರುವುದರಿಂದ ಗಂಡಸಿನ ಹೆಸರೊಂದಿದ್ದರೆ ಎದ್ದು ಕಾಣುತ್ತದೆಂದು ಪ್ರಕಾಶಕರು ಸೂಚಿಸಿದರಂತೆ, ದಂಪತಿಗಳೂ ಒಪ್ಪಿದರಂತೆ. ಹೆಂಗಸರು ಕಟ್ಟಿದ ಮನೆಯಲ್ಲಿ ಹೆಂಗಸಿನ ಹೆಸರು ಬೇಡವಾಯಿತು! ಆ ಒಪ್ಪಿಗೆಗಾಗಿ ಮಾರ್ಗರೆಟ್ ಮುಂದೆ ಮರುಗಿದಳು. ಕಾಲಕ್ರಮದಲ್ಲಿ ಆಕೆಯ ಹೆಸರೂ ಹೊದಿಕೆಗೆ ಬಂದಿತು. ಮಾತೃಭಾಷೆಯಲ್ಲದ ಇಂಗ್ಲೀಷಿನಲ್ಲಿ ಆಕೆ ಬರೆದ ವಾಕ್ಯಗಳು ಗಿಡ್ಡ, ನೇರ, ನಿರಾಭರಣ. ದೊಡ್ಡವರಾದ ಮೇಲೆ ಒಂದು ಭಾಷೆಯನ್ನು ಕಲಿತವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ: ಕಲಿತದ್ದನ್ನೆಲ್ಲ ಮೆರೆಸುವುದು, ಇಲ್ಲವೆ ಗಟ್ಟಿಯಾಗಿ ತಿಳಿದ ಮಾತನ್ನು ಮಾತ್ರ ಬಳಸುವುದು. ನಮ್ಮ ಇಂಗ್ಲೀಷ್ ವಿದ್ಯಾವಂತರು ಯಾವ ದಾರಿಯನ್ನು ಹಿಡಿದಿದ್ದಾರೆಂದು ಹೇಳಬೇಕಾಗಿಲ್ಲ. ಮಾರ್ಗರೆಟ್ ಎರಡನೆಯದನ್ನು ಹಿಡಿದಳು.

೧೯೪೧ರಿಂದ ೧೯೬೬ರವರೆಗಿನ ೨೫ ವರ್ಷಗಳಲ್ಲಿ ಜಾರ್ಜನ ಮೇಲೆ ಅವರು ಬರೆದದ್ದು ಏಳೇ ಪುಸ್ತಕ. ಕೋಟಿಗಟ್ಟಲೆ ಪ್ರತಿಗಳು ಖರ್ಚಾಗಿವೆ. ಅವರ ಕಾಲಾನಂತರ ಇತರರು ಬರೆದವೂ, ಚಲನಚಿತ್ರಗಳೂ, ಗೊಂಬೆಗಳೂ ಅಸಂಖ್ಯ. ಅವುಗಳ ಮಾತು ಬೇಡ. ಏಳನೆಯ ಪುಸ್ತಕದಲ್ಲಿ ಜಾರ್ಜ ಆಟದ ಹಲಗೆಚೂರೊಂದನ್ನು ನುಂಗಿ ಆಸ್ಪತ್ರೆ ಸೇರುತ್ತಾನೆ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ವೈದ್ಯರ ಸಹಕಾರದಿಂದ, ಶಸ್ತ್ರಚಿಕಿತ್ಸೆಗೆ ಹೆದರುವ ಮಕ್ಕಳಿಗಾಗಿ, ಅದನ್ನು ಬರೆದರು. ಅಷ್ಟು ಹೊತ್ತಿಗೆ ಅವರು ೧೯೪೬ರಲ್ಲಿಯೇ ಅಮೆರಿಕದ ಪ್ರಜೆಗಳಾಗಿ, ೧೯೬೩ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿಗೆ ಬಂದು ನೆಲಸಿದ್ದರು.

ಯುದ್ಧದ ಚೀಲದಲ್ಲಿದ್ದ ಆ ಖಗೋಳಶಾಸ್ತ್ರದ ಪುಸ್ತಕದ ಮೇಲಿನ ಅಸಮಾಧಾನವನ್ನು ಹಾನ್ಸ್ ೧೯೫೨ರಲ್ಲಿ ತೀರಿಸಿಕೊಂಡನು. ಹಳೆಯ ಪಟಗಳಲ್ಲಿ ನಕ್ಷತ್ರಗಳನ್ನು ಕೂಡಿಸುವ ಗೆರೆಗಳಿಂದ ಯಾವ ಆಕಾರವೂ ಹೊರಡುತ್ತಿರಲಿಲ್ಲ. ಆತ ಅದೇ ನಕ್ಷತ್ರಗಳ ನಡುವೆ ಬೇರೆ ಗೆರೆಗಳನ್ನೆಳೆದು, ಕರಡಿಯೆಂದರೆ ಕರಡಿಯೇ ಕಾಣುವಂತೆ, ಅವಳಿಗಳೆಂ­ದರೆ ಕೈಹಿಡಿದ ಇಬ್ಬರೇ ಕಾಣುವಂತೆ ಮಾಡಿದನು. ‘ದಿ ಸ್ಟಾರ್ಸ್’ ಎಂಬ ಆ ಗ್ರಂಥ ದೊಡ್ಡವರಿಗಾಗಿ. ಎರಡು ವರ್ಷಗಳ ನಂತರ ಮಕ್ಕಳಿಗೊಂದು. ಆಕಾಶವನ್ನು ನೋಡುವ ಹವ್ಯಾಸವುಳ್ಳವರು ಇವನ್ನು ಇಂದಿಗೂ ಓದುತ್ತಾರೆ. ಅವರಲ್ಲಿ ಅನೇಕರಿಗೆ ಕಪಿಯ ರೇ, ನಕ್ಷತ್ರದ ರೇ, ಇಬ್ಬರೂ ಒಬ್ಬನೇ ಎಂಬುದು ತಿಳಿಯದು.

ಹಾನ್ಸ್ ೧೯೭೭ರ ಆಗಸ್ಟ್ ೨೬ರಂದು ತೀರಿಕೊಂಡನು. ಮಾರ್ಗರೆಟ್ ಆಮೇಲೆ ೧೯ ವರ್ಷ ಬದುಕಿದ್ದಳು. ಬ್ರಾಂಡೈಸ್ ವಿಶ್ವವಿದ್ಯಾನಿಲಯದಲ್ಲಿ ಬರವಣಿಗೆಯ ಕಲೆಯನ್ನು ಕಲಿಸಿದಳು. ಬಾಸ್ಟನ್ನಿನ ಸಾರ್ವಜನಿಕ ಪುಸ್ತಕಾಲಯಕ್ಕೂ ಆಸ್ಪತ್ರೆಯೊಂದಕ್ಕೂ ಹೇರಳವಾಗಿ ದಾನ ಮಾಡಿದಳು. ೧೯೯೬ರ ಡಿಸೆಂಬರಿನಲ್ಲಿ ಕಣ್ಮುಚ್ಚಿದಳು. ಅವರ ಕಾಗದಪತ್ರಗಳೆಲ್ಲ ಮಿಸಿಸಿಪ್ಪಿ ಪ್ರಾಂತದ ಹ್ಯಾಟೀಸ್‌ಬರ್ಗ್ ಊರಿನ ವಿಶ್ವವಿದ್ಯಾನಿಲಯವನ್ನು ಸೇರಿವೆ. ಲೂಯಿಸ್ ಬೋರ್ಡೆನ್ ಎಂಬ ಲೇಖಕಿ ಅವನ್ನು ಶೋಧಿಸಿ ಬರೆದ ಪುಸ್ತಕ ೨೦೦೫ರಲ್ಲಿ ಪ್ರಕಟವಾಗುವವರೆಗೆ ಆ ಬೈಸಿಕಲ್ಲಿನ ಪ್ರಯಾಣದ ವಿವರಗಳನ್ನು ಬಲ್ಲವರು ಕೆಲವರೇ. ದಂಪತಿಗಳು ತಮ್ಮ ಯಾವ ಪುಸ್ತಕದಲ್ಲಿಯೂ ಅದನ್ನು ಬರೆಯಲಿಲ್ಲ. ಹಾನ್ಸನ ಅಂಗಿಯ ಜೇಬಿನ ಸಣ್ಣ ದಿನಚರಿಗಳು ಆ ಸಂಗ್ರಹದಲ್ಲಿವೆ. ಆ ಜೂನ್ ತಿಂಗಳ ಊರುಗಳ ಹೆಸರುಗಳು, ಒಂದರ ಕೆಳಗೆ ಒಂದು, ಅಲ್ಲಿ ಬರೆದಿವೆ.